ತರ್ಜುಮೆದಾರನ ಖಾನೆ

ನಾನು ನಿವೃತ್ತನಾದ ದಿನ ಕಚೇರಿಯವರು ಶಾಲು ಹೊದಿಸಿ, ಹಾರ ಹಾಕಿ, ನನ್ನನ್ನು ಕುರ್ಚಿಯ ಮೇಲೆ ಗೊಂಬೆಯಂತೆ ಕೂರಿಸಿದರು. ನಾಲ್ಕು ಮಂದಿ ಮಾತಾಡಿದರು. "ಮೂವತ್ತಾರು ವರ್ಷದ ನೌಕರಿಯಲ್ಲಿ ನಮ್ಮ ಮುನ್ಶಿ ಸಾಬರ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ" ಎಂದು ಒಬ್ಬರು ಹೇಳಿದಾಗ ಜೋರಾಗಿ ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿದೆ. ಎಷ್ಟು ವಿನಯ ನೋಡಿ ಎಂದು ಪಕ್ಕದವರು ಮೆಚ್ಚಿಕೊಂಡರಂತೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ನಾಚಿಕೆಯಾಗಿತ್ತು.

ಅದಾಗಿ ಹತ್ತು ವರ್ಷ ಕಳೆಯಿತು. ಹೋದ ತಿಂಗಳು ನನ್ನ ಮೊಮ್ಮಗಳು ಶಮೀಮ್ ಮನೆಗೆ ಬಂದಿದ್ದಳು. ಜೇವರ್ಗಿ ಕಡೆಯ ಕನ್ನಡ ಶಾಲೆಯಲ್ಲಿ ಟೀಚರ್. ಮೊದಲ ಸಲ ಇಲೆಕ್ಷನ್ ಡ್ಯೂಟಿ ಬಿದ್ದಿದೆ. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ನಿಯಮಗಳ ಪುಸ್ತಕ. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ನೌಕರಿಯ ಮಾತು ಬಂತೆಂದರೆ ಅವಳು ಕನ್ನಡಕ್ಕೆ ತಿರುಗುತ್ತಾಳೆ. ನನ್ನನ್ನು ಮಾತ್ರ ನಾನಾ, ಅಂದರೆ ಅಜ್ಜ, ಎಂದೇ ಕರೆಯುತ್ತಾಳೆ.

"ನಾನಾ, ನಿಮ್ ಟೈಮಿನ್ಯಾಗೂ ಹಿಂಗ ಇತ್ತೇನ್ರಿ? ಸಭಾಕ್ಕ ಪರ್ಮಿಷನ್, ಗಾಡಿಗಿ ಪರ್ಮಿಷನ್, ಮೈಕಿಗಿ ಪರ್ಮಿಷನ್..."

"ಮೈಕ್ ಇರ್ಲಿಲ್ಲವಾ. ಉಳಿದದ್ದೆಲ್ಲಾ ಇತ್ತು."

"ಹಂಗಾದ್ರ ನೀವು ಭಾಳ ಸ್ಟ್ರಿಕ್ಟ್ ಇರಬೇಕು ಬಿಡ್ರಿ."

"ಹೂಂ, ಇದ್ದೆ," ಎಂದೆ. ಆ ಹುಡುಗಿ ಹೆಮ್ಮೆಯಿಂದ ನಕ್ಕಿತು. ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ. ಅವಳಿಗಾಗಿ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಕೂರುವ ಎಲ್ಲರಿಗಾಗಿ. ನನ್ನ ಬಡ್ತಿಗಳ ಪಟ್ಟಿ ಬೇಕಾದವರು ಸರ್ವಿಸ್ ಬುಕ್ ನೋಡಿಕೊಳ್ಳಲಿ, ಅದರಲ್ಲಿ ಎಲ್ಲವೂ ಇದೆ. ಸರ್ವಿಸ್ ಬುಕ್ಕಿನಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಕಚೇರಿಗಳಲ್ಲೇ ನನ್ನ ಆಯುಷ್ಯ ಸವೆಯಿತು. ಮುಖ್ಯವಾದ ಸಂಗತಿ ನಡೆದದ್ದು ಇವುಗಳ ಪೈಕಿ ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಆ ಜನರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಹೆಸರುಗಳನ್ನೂ ಬದಲಿಸಿದ್ದೇನೆ, ಒಂದನ್ನು ಬಿಟ್ಟು.

ಕಾಲ ನಲವತ್ತರ ದಶಕ, ನಿಜಾಮರ ರಾಜ್ಯ. ಕಚೇರಿಯಲ್ಲಿ ಎಲ್ಲವೂ ಉರ್ದು. ಊರಲ್ಲಿ ಎಲ್ಲರೂ ಕನ್ನಡ. ನಡುವೆ ನಾನು. ಕರಜಗಿಯ ಬಡವರ ಮನೆಯ ಹುಡುಗ, ಉರ್ದುವಿನಲ್ಲಿ ಚೆನ್ನಾಗಿ ಓದಿದ್ದೆ, ಕನ್ನಡ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನನ್ನ ಉರ್ದು ಬರವಣಿಗೆ ನೋಡಿದವರೆಲ್ಲ ವಾಹ್ ಎನ್ನುತ್ತಿದ್ದರು. ಆ ವಾಹ್ ಎಂಬುದಕ್ಕೆ ನಾನು ಸಾಯುತ್ತಿದ್ದೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಊರಿಗೊಂದು ಟೌನ್ ಕಮಿಟಿ ಇತ್ತು. ಅದರ ಕೆಲವು ಸ್ಥಾನಗಳಿಗೆ ಇಲೆಕ್ಷನ್ ನಡೆಯುತ್ತಿತ್ತು. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಕಟ್ಟುವವರಿಗೆ ಮಾತ್ರ ಮತ. ಅಕ್ಷರ ಬಾರದವರಿಗೆ ತಿಳಿಯಲಿ ಎಂದು ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಸಭೆ ಮಾಡಬೇಕೆಂದರೆ ಮೊದಲೇ ಅರ್ಜಿ ಕೊಟ್ಟು ಇಜಾಜತ್ತು, ಅಂದರೆ ಪರವಾನಗಿ, ಪಡೆಯಬೇಕು. ಯಾರು ಮಾತಾಡುತ್ತಾರೆ, ಏನು ಮಾತಾಡುತ್ತಾರೆ ಎಲ್ಲವನ್ನೂ ಬರೆದು ಕೊಡಬೇಕು. ಕನ್ನಡದಲ್ಲಿ ಮಾತಾಡುವುದಾದರೆ ಅದರ ಉರ್ದು ತರ್ಜುಮೆಯನ್ನೂ ಲಗತ್ತಿಸಬೇಕು. ಬರೆದು ಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದರೆ ಪೊಲೀಸರು ವೇದಿಕೆಯಿಂದಲೇ ಇಳಿಸಿಕೊಂಡು ಹೋಗುತ್ತಿದ್ದರು. ಈ ಅರ್ಜಿಗಳೆಲ್ಲ ಬರುತ್ತಿದ್ದುದು ನನ್ನ ಮೇಜಿಗೆ.

ನನ್ನ ಮೇಲಿನವರು ಪೇಶ್ಕಾರ ಗೋವಿಂದರಾಯರು, ಕಚೇರಿಯ ಹಿರಿಯ ಗುಮಾಸ್ತರು. ಮಡಿಚಿಟ್ಟಂತಿದ್ದ ಶೇರವಾನಿ, ಮೂಗಿಗೆ ನಸ್ಯ, ಮಾತು ಮೆಲ್ಲಗೆ. ತಹಸೀಲ್ದಾರ ಸಾಹೇಬರು ಬರುತ್ತಿದ್ದರು ಹೋಗುತ್ತಿದ್ದರು, ಕಚೇರಿ ನಡೆಸುತ್ತಿದ್ದವರು ಇವರು. ನನ್ನನ್ನು ಮಗನಂತೆ ನೋಡಿಕೊಂಡರು. ಕೆಲಸವನ್ನೂ ಮಗನಿಗೆ ಕಲಿಸಿದಂತೆಯೇ ಕಲಿಸಿದರು.

"ನೋಡಪಾ ಮುನ್ಶಿ," ಎಂದರು ಮೊದಲ ವಾರವೇ. "ಇಲ್ಲ ಅಂತ ಎಂದೂ ಬರೀಬ್ಯಾಡ. ಇಲ್ಲ ಅಂದ್ರ ಮಂದಿ ಮ್ಯಾಲಿನವ್ರ ಕಡಿ ಓಡ್ತಾರ. ಅವ್ರು, ಯಾಕ ಇಲ್ಲ ಅಂದಿ ಅಂತ ನಮ್ಮನ್ನೇ ಕೇಳ್ತಾರ. ಸವಾಲ್ ಹಾಕು. ಜವಾಬ್ ತರ್ತಾನ. ಇನ್ನೊಂದು ಹಾಕು. ಇಲೆಕ್ಷನ್ ದಿನ ತಾನೇ ಬರ್ತದ, ಅದನ್ನೇನ್ ಯಾರೂ ತಡಿಯಾಕ ಆಗಂಗಿಲ್ಲ."

ಸವಾಲು ಎಂದರೆ ಅರ್ಜಿಯ ಅಂಚಿನಲ್ಲಿ ಬರೆಯುವ ಪ್ರಶ್ನೆ. ಅದಕ್ಕೆ ಉತ್ತರ ಬರುವವರೆಗೆ ಅರ್ಜಿ ಮುಂದೆ ಹೋಗುವುದಿಲ್ಲ. ಈಗಿನ ಕಚೇರಿಯಲ್ಲೂ ಇದು ಬೇರೆ ಹೆಸರಿನಲ್ಲಿ ಇದೆ, ನಿಮಗೆಲ್ಲ ಗೊತ್ತು. ನಾನು ಒಂದೇ ವರ್ಷದಲ್ಲಿ ಇದರಲ್ಲಿ ಪಳಗಿಬಿಟ್ಟೆ. ಅರ್ಜಿ ಕೈಗೆ ಬಂದ ತಕ್ಷಣ ಅದರಲ್ಲಿ ಏನಿದೆ ಎಂದು ನೋಡುತ್ತಿರಲಿಲ್ಲ, ಏನಿಲ್ಲ ಎಂದು ನೋಡುತ್ತಿದ್ದೆ. ಎಂಥ ಅರ್ಜಿಯಲ್ಲೂ ಏನಾದರೊಂದು ಇರುವುದಿಲ್ಲ ಬಿಡಿ.

ನಿಯಮದ ಮೇಲೆ ನನಗಿದ್ದ ಹುಚ್ಚು ಎಷ್ಟೆಂದರೆ, ಇಲೆಕ್ಷನ್ ಕೆಲಸಕ್ಕೆಂದು ಕೆಲವು ದಿನ ಅಫಜಲಪುರಕ್ಕೆ ಕಳಿಸಿದ್ದಾಗ ಒಮ್ಮೆ ಮದುವೆಯ ಮೆರವಣಿಗೆಯನ್ನೇ ನಿಲ್ಲಿಸಿದ್ದೆ. ಮದುಮಗ ಒಬ್ಬ ಉಮೇದುವಾರನ ಅಣ್ಣನ ಮಗ. ಆ ಉಮೇದುವಾರನ ಪೆಟ್ಟಿಗೆಯ ಬಣ್ಣ ಹಳದಿ. ಮೆರವಣಿಗೆಯಲ್ಲಿ ಬಂದವರೆಲ್ಲರ ತಲೆಯ ಮೇಲೂ ಹಳದಿ ರುಮಾಲು! ಇದು ಪ್ರಚಾರವೇ ಸರಿ ಎಂದು ನಾನು ಚಪರಾಸಿಯನ್ನು ಕರೆದುಕೊಂಡು ಹೋಗಿ ದಾರಿಗೆ ಅಡ್ಡ ನಿಂತೆ.

"ಇಜಾಜತ್ ಎಲ್ಲೈತ್ರಿ?"

"ಯಾತರ ಇಜಾಜತ್ರೀ ಯಪ್ಪಾ? ಲಗ್ನದ್ದೇನು?" ಎಂದ ಮದುಮಗನ ಸೋದರಮಾವ.

"ಹಳದಿ ರುಮಾಲ ಯಾಕ ಸುತ್ತೀರಿ?"

"ಅರಿಶಿಣದ ಲಗ್ನಕ್ಕ ಹಸರ ಸುತ್ತಬೇಕಾ? ನಿಮ್ ಮಂದ್ಯಾಗ ಲಗ್ನಕ್ಕ ಹಳದಿ ಹಚ್ಚಂಗಿಲ್ಲೇನ್ರಿ ಸಾಬ್ರ?"

ನಮ್ಮಲ್ಲೂ ಹಚ್ಚುತ್ತಾರೆ. ನನಗೆ ಗೊತ್ತಿಲ್ಲದೇನು? ಆದರೂ ಹಟ ಬಿಡಲಿಲ್ಲ. ಮದುಮಗ ಕುದುರೆಯ ಮೇಲೆ ಬಿಸಿಲಲ್ಲಿ ಬೆವರುತ್ತ ಕೂತ. ಕುದುರೆಯವನು ಬೈದ, ಬಾಜಾದವರು ಬೇವಿನ ನೆರಳಲ್ಲಿ ಮಲಗಿಬಿಟ್ಟರು, ಮುಹೂರ್ತ ಮೀರಿತು ಎಂದು ಹೆಣ್ಣಿನ ಕಡೆಯ ಹೆಂಗಸರು ನನಗೆ ಶಾಪ ಹಾಕಿದರು. ಕೊನೆಗೆ ಅಲ್ಲಿಯ ತಹಸೀಲ್ದಾರರೇ ಬಂದು ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದರು. ಇದನ್ನು ಗೋವಿಂದರಾಯರಿಗೆ ಹೇಳಿದಾಗ ನಸ್ಯ ಕೆಳಗೆ ಬೀಳುವಷ್ಟು ನಕ್ಕರು. ಆಮೇಲೆ, "ತಪ್ಪಾಗ್ಯಾದ ಖರೇ, ಆದ್ರ ನಿನ್ನ ಕೈ ಗಟ್ಟಿ ಅದ. ಇಂಥವ ಬೇಕು ನಮಗ," ಎಂದರು. ನಾನು ಉಬ್ಬಿಹೋದೆ. ಥೂ! ಈಗ ನೆನಸಿಕೊಂಡರೂ ಮೈ ಉರಿಯುತ್ತದೆ.

ಇನ್ನು ಸಿದ್ರಾಮಪ್ಪನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ತಪ್ಪಿಸಿಕೊಂಡೇ ಬರೆಯುತ್ತಿದ್ದೆ.

ನಾನು ಬಾಡಿಗೆಗಿದ್ದ ಕೋಣೆ ಗಾಣಿಗರ ಓಣಿಯಲ್ಲಿತ್ತು. ಮೂರು ಮನೆ ಆಚೆ ಸಿದ್ರಾಮಪ್ಪನ ಗಾಣ. ಒಂದು ಎತ್ತು, ಒಂದು ಗಾಣ, ಹೆಂಡತಿ ನೀಲವ್ವ. ಕುಸುಬಿ ಎಣ್ಣೆಯ ವಾಸನೆ ಆ ಓಣಿಯ ಗೋಡೆಗಳಲ್ಲೇ ಸೇರಿಹೋಗಿತ್ತು. ಓಣಿಯ ಬಾವಿಯ ನೀರು ಸವಳು, ಬೇಳೆ ಬೇಯುತ್ತಿರಲಿಲ್ಲ. ಊರಿಗೆ ಇದ್ದ ಸಿಹಿನೀರಿನ ಬಾವಿ ಊರಿನ ಜಮೀನುದಾರರಾದ ದೇಶಮುಖರ ವಾಡೆಯ, ಅಂದರೆ ಅವರ ದೊಡ್ಡ ಮನೆಯ, ಹಿಂದೆ. ವಾಡೆಯ ಆಳುಗಳು ತುಂಬಿಕೊಂಡ ಮೇಲೆ, ಅವರ ಎತ್ತು ಕುದುರೆಗಳು ಕುಡಿದ ಮೇಲೆ ಓಣಿಯ ಹೆಂಗಸರ ಸರದಿ. ನೀಲವ್ವ ಮೂರು ಕೊಡ ಹೊತ್ತು ತಂದರೆ ಅದರಲ್ಲಿ ಒಂದನ್ನು ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ಒಬ್ಬಂಟಿ ಗಂಡಸು, ಪರಊರಿನವರು, ಪಾಪ, ಎಂದು. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಟೌನ್ ಕಮಿಟಿಯಲ್ಲಿ ಹೊಸ ಬಾವಿಯ ಮಾತು ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಬಿದ್ದುಹೋಗುತ್ತಿತ್ತು. ಆ ಭಾಗದ ಸ್ಥಾನ ದೇಶಮುಖರದು. ಆ ಸಲ ಸಿದ್ರಾಮಪ್ಪ ತಾನೇ ನಿಲ್ಲುತ್ತೇನೆ ಎಂದ. ಊರು ನಕ್ಕಿತು. ನಾನೂ ನಕ್ಕೆ.

ದೇಶಮುಖರಿಗೆ ಸಭೆಯ ಅಗತ್ಯ ಇರಲಿಲ್ಲ. ದಿನ ಬಿಟ್ಟು ದಿನ ವಾಡೆಯಲ್ಲಿ ಪಂಕ್ತಿ. ನಾನು ಒಮ್ಮೆ ಗೋವಿಂದರಾಯರನ್ನು ಕೇಳಿದೆ.

"ವಾಡೇದಾಗ ದೀಡನೂರು ಮಂದಿ ಕೂಡಾಕತ್ತಾರಲ್ರಿ, ಅದಕ್ಕ ಇಜಾಜತ್ ಬ್ಯಾಡೇನ್ರಿ?"

"ಅದು ಸಭಾ ಅಲ್ಲಪಾ, ಊಟ."

"ಉಂಡ್ ಮ್ಯಾಲ ದೇಶಮುಖರು ಮಾತಾಡ್ತಾರಲ್ರಿ?"

"ಮಂದಿನ ಉಣ್ಣಾಕ ಕರದವ್ರು ಮೂಕರಂಗ ಕುಂದ್ರಬೇಕೇನ?" ಎಂದು ಅವರು ನಸ್ಯದ ಡಬ್ಬಿ ತೆರೆದರು.

ನಿಯಮದಲ್ಲಿ ಊಟದ ಮಾತು ಇರಲಿಲ್ಲ ಎಂಬುದು ಖರೆ. ನಾನೂ ಒಂದು ದಿನ ಹೋಗಿ ಉಂಡು ಬಂದೆ. ಹೋಳಿಗೆ ಮಾಡಿದ್ದರು.

ಸಿದ್ರಾಮಪ್ಪನಿಗೆ ಪಂಕ್ತಿ ಹಾಕುವ ಶಕ್ತಿ ಎಲ್ಲಿಂದ ಬರಬೇಕು? ಅವನಿಗೆ ಇದ್ದದ್ದು ಬಾಯಿ ಒಂದೇ. ಹನುಮಂತನ ಗುಡಿಯ ಮುಂದಿನ ಬಯಲಲ್ಲಿ ಒಂದು ಸಭೆ ಮಾಡುತ್ತೇನೆ, ಒಂದೇ ಒಂದು, ಎಂದು ಅರ್ಜಿ ಕೊಟ್ಟ. ಮಧ್ಯಾಹ್ನ ಎತ್ತು ಬಿಚ್ಚಿ, ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಕಚೇರಿಗೆ ಬರುತ್ತಿದ್ದ. ಮೊದಲ ಸವಾಲು ಹಾಕಿದೆ: ಮಾತಾಡುವವರ ತಂದೆಯ ಹೆಸರು ಇಲ್ಲ. ಮಾತಾಡುವವನು ಅವನೊಬ್ಬನೇ. ಹೇಳಿದ, ಬರೆದುಕೊಂಡೆ. ಎರಡನೆಯದು: ಜಾಗದ ನಕ್ಷೆ. ಗುಡಿ, ಬೇವಿನ ಮರ, ಬಯಲು, ಮೂರನ್ನೂ ಕಾಗದದ ಮೇಲೆ ಇದ್ದಿಲಿನಿಂದ ಗೀಚಿ ತಂದ. ಮೂರನೆಯದು: ಎಷ್ಟು ಜನ ಸೇರುತ್ತಾರೆ?

"ಅದು ನಾ ಹ್ಯಾಂಗ್ ಹೇಳ್ಲಿ ಮುನ್ಶಿ ಸಾಬ್ರ? ಬಂದವ್ರು ಬರ್ತಾರ."

"ಹಂಗ ಬರಿಯಾಕ ಬರಂಗಿಲ್ಲ. ಒಂದು ಲೆಕ್ಕ ಹೇಳು."

"ಬರಕೋರಿ ಹಂಗಾದ್ರ. ನೀಲವ್ವ ಒಬ್ಬಾಕಿ ಅಂತೂ ಖರೇ ಬರ್ತಾಳ."

ಕಚೇರಿಯವರೆಲ್ಲ ನಕ್ಕರು. ಅವನೂ ನಕ್ಕ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ ಎಂಬುದೇ ನನ್ನ ಧೈರ್ಯವಾಗಿತ್ತು.

ನಾಲ್ಕನೆಯ ಸವಾಲು ಉರ್ದು ತರ್ಜುಮೆ. ಇದು ನಾನು ಹುಟ್ಟಿಸಿದ್ದಲ್ಲ, ನಿಯಮದಲ್ಲೇ ಇತ್ತು. ಅವನು ಮಠದಲ್ಲಿ ಕಲಿತ ನಾಲ್ಕು ಅಕ್ಷರದಲ್ಲಿ ತನ್ನ ಮಾತನ್ನು ಕನ್ನಡದಲ್ಲಿ ಬರೆದು ಕೊಟ್ಟಿದ್ದ. ಅದನ್ನು ಉರ್ದುವಿಗೆ ತಿರುಗಿಸುವವರು ಬೇಕಲ್ಲ? ಊರಿನ ವಕೀಲರು ದೇಶಮುಖರ ಕಡೆಯವರು. ಮಸೀದಿಯ ಮೌಲವಿ ಸಾಹೇಬರು ಕೈಮುಗಿದು, ನನ್ನನ್ನು ಬಿಟ್ಟುಬಿಡಪ್ಪಾ ಎಂದರು. ಅಲ್ಲಿ ಉರ್ದು ಬಲ್ಲವರಿರಬಹುದೆಂದು ಸಿದ್ರಾಮಪ್ಪ ದೂರದ ಒಂದು ಮಠದ ತನಕ ನಡೆದು ಹೋಗಿ ಕೇಳಿ ಬರಿಗೈಲಿ ವಾಪಸ್ಸು ಬಂದ.

ಶುಕ್ರವಾರ. ಆಗ ಕಚೇರಿಗೆ ಶುಕ್ರವಾರವೇ ರಜೆ. ನಮಾಜು ಮುಗಿಸಿ ಬಂದು ಬಾಗಿಲಲ್ಲಿ ಕೂತಿದ್ದೆ. ಸಿದ್ರಾಮಪ್ಪ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿ ಆ ಕನ್ನಡದ ಕಾಗದ. ನೀವು ಬರೆದು ಕೊಡಿ ಎಂದು ಅವನು ಕೇಳಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ನೀಲವ್ವ ಇಟ್ಟ ಕೊಡದಿಂದ ನಾನು ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ಕಾಗದ ಇಲ್ಲಿ ಕೊಡು ನೋಡೋಣ ಎಂದು ಇಸಿದುಕೊಂಡೆ. ಅದರಲ್ಲಿ ಇದ್ದದ್ದು ಇಷ್ಟೇ: ನಮ್ಮ ಓಣಿಗೆ ಸಿಹಿನೀರಿನ ಬಾವಿ ಇಲ್ಲ. ನನ್ನನ್ನು ಆರಿಸಿದರೆ ಬಾವಿ ತೋಡಿಸುತ್ತೇನೆ. ಬೇರೆ ಏನೂ ನನಗೆ ತಿಳಿಯುವುದಿಲ್ಲ, ತಿಳಿಯುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಬಾವಿ ಆಗದಿದ್ದರೆ ನನ್ನ ಮನೆಗೆ ಬಂದು ಬೈಯಿರಿ.

ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸರಕಾರಿ ನೌಕರ ಉಮೇದುವಾರನಿಗೆ ಸಹಾಯ ಮಾಡಿದರೆ ನೌಕರಿಯಿಂದ ವಜಾ. ಆ ನಿಯಮ ನನಗೆ ಬಾಯಿಪಾಠ. ಆದರೂ ಬರೆದೆ, ಅಕ್ಷರದ ಗುರುತು ಸಿಗದಿರಲೆಂದು ಕೈ ಬದಲಿಸಿ, ಮಕ್ಕಳಂತೆ ಡೊಂಕು ಡೊಂಕಾಗಿ. ಕೈ ಬದಲಿಸಿದೆ, ಭಾಷೆ ಬದಲಿಸಲಿಲ್ಲ. ಆ ನಾಲ್ಕು ಸಾದಾ ಮಾತುಗಳನ್ನು ಎರಡು ಪುಟ ಮಾಡಿದೆ. ಬಾಯಾರಿದವರ ಅಳಲು, ಸಿಹಿನೀರಿನ ಹಂಬಲ, ಪ್ರಜೆಗಳ ನಿಟ್ಟುಸಿರು, ಏನೇನು ಹಾಕಿದೆ! ಗಟ್ಟಿಯಾಗಿ ಓದಿ ತೋರಿಸಿದೆ.

"ಇಷ್ಟೆಲ್ಲ ನಾನಽ ಹೇಳೀನೇನ್ರಿ?" ಎಂದ ಸಿದ್ರಾಮಪ್ಪ, ಬೆರಗಾಗಿ.

"ಅರ್ಥ ಅದಽ."

"ಅಬ್ಬಾ! ಉರ್ದುದಾಗ ನಾ ಭಾಳ ಶಾಣ್ಯಾ ಆಗೀನಲ್ರೀ!" ಎಂದು ತೊಡೆ ತಟ್ಟಿಕೊಂಡು ನಕ್ಕ. ನನಗೂ ಒಳಗೊಳಗೇ ಖುಷಿ. ಆ ದಿನ ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಈಗ ಲೆಕ್ಕ ಹಾಕಿದರೆ ಅದರಲ್ಲಿ ಅರ್ಧ ನೀಲವ್ವನ ನೀರಿನ ಋಣ, ಉಳಿದರ್ಧ ನನ್ನ ಉರ್ದುವಿನ ಸೊಕ್ಕು.

ಅವನು ಅದನ್ನು ತಂದು ಕಚೇರಿಯಲ್ಲಿ ಕೊಟ್ಟ ದಿನ ಗೋವಿಂದರಾಯರು ಫೈಲು ತರಿಸಿಕೊಂಡರು. ಎರಡು ಪುಟವನ್ನೂ ನಿಧಾನವಾಗಿ ಓದಿದರು. ಒಂದು ಕಡೆ ತಲೆದೂಗಿದರು ಕೂಡ. ಆಮೇಲೆ ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದರು. ಆ ಊರಿನಲ್ಲಿ ಅಂಥ ಉರ್ದು ಬರೆಯುವವನು ಒಬ್ಬನೇ ಇದ್ದ.

"ಛಲೋ ಬರದಾನ," ಎಂದರು. "ಖರೇ ಹೇಳ್ತೀನಿ, ಭಾಳ ಛಲೋ ಬರದಾನ. ಯಾರು ಅಂತ ಮಾತ್ರ ಬರದಿಲ್ಲ. ತರ್ಜುಮೆದಾರನ ಖಾನೆ ಖಾಲಿ ಅದ. ಸವಾಲ್ ಹಾಕು, ಮುನ್ಶಿ."

ಅರ್ಜಿಯ ಕೊನೆಯಲ್ಲಿ ಒಂದು ಸಣ್ಣ ಖಾನೆ ಇರುತ್ತಿತ್ತು: ತರ್ಜುಮೆ ಮಾಡಿದವನ ಹೆಸರು, ತಂದೆಯ ಹೆಸರು, ಊರು. ಎಷ್ಟೋ ಅರ್ಜಿಗಳಲ್ಲಿ ಅದು ಖಾಲಿಯೇ ಇರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನು ಲೆಕ್ಕಣಿಕೆ ಎತ್ತಿಕೊಂಡು, ನನ್ನ ಸ್ವಂತ ಚೆಂದದ ಅಕ್ಷರದಲ್ಲಿ, ತರ್ಜುಮೆ ಮಾಡಿದವನು ಯಾರು, ಖುದ್ದು ಹಾಜರಾಗಿ ಒಪ್ಪಿಕೊಳ್ಳತಕ್ಕದ್ದು ಎಂದು ಬರೆದೆ. ನನ್ನ ಬಗ್ಗೆ ನಾನೇ.

ಮರುದಿನ ಸಿದ್ರಾಮಪ್ಪ ಬಂದ. ಇಲೆಕ್ಷನ್ನಿಗೆ ಐದು ದಿನ ಉಳಿದಿತ್ತು. ಸವಾಲನ್ನು ಅರ್ಜಿದಾರನಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಓದಿ ಹೇಳಿದೆ. ಅವನು ನನ್ನ ಮುಖ ನೋಡಿದ. ನಾನು ಕಾಗದ ನೋಡಿದೆ.

ಗೋವಿಂದರಾಯರು ಎದ್ದು ಬಂದು ನನ್ನ ಮೇಜಿನ ಪಕ್ಕ ನಿಂತರು. ದನಿ ಎಂದಿನಂತೆ ಮೆತ್ತಗೆ. "ಹೇಳಪಾ ಸಿದ್ರಾಮಪ್ಪ. ಯಾರ್ ಬರದ್ ಕೊಟ್ರು? ಬರೀ ಹೆಸರು ಹೇಳು. ಈಗಿಂದೀಗ ಇಜಾಜತ್ ಕೊಡ್ತೀನಿ. ನಾಳೆ ಸಂಜೀಗೇ ಸಭಾ ಮಾಡು."

ಅವರು ಮಾತಿಗೆ ತಪ್ಪುವವರಲ್ಲ. ಹೆಸರು ಹೇಳಿದ್ದರೆ ನಿಜವಾಗಿಯೂ ಕೊಟ್ಟುಬಿಡುತ್ತಿದ್ದರು. ಅದು ಸಿದ್ರಾಮಪ್ಪನಿಗೂ ಗೊತ್ತಿತ್ತು. ನಾನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಅವನು ತುಸು ಹೊತ್ತು ಸುಮ್ಮನೆ ನಿಂತ. ನಿಜವಾಗಿ ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಬಹಳ ಉದ್ದವಾಗಿತ್ತು. ಆಮೇಲೆ ಹೇಳಿದ: "ಯಾರೋ ಫಕೀರರು ಹಾದ್ಯಾಗ ಹೊಂಟಿದ್ರು ರೀ. ಓಣ್ಯಾಗ ನೀರು ಕುಡಿಯಾಕ ಕುಂತಿದ್ರು. ಅವ್ರೇ ಬರದ್ ಕೊಟ್ರು. ಹೆಸರು ಕೇಳಲಿಲ್ರಿ."

"ಯಾವ ಕಡಿ ಹೋದ್ರು ನಿನ್ ಫಕೀರರು?"

"ಹೊಳಿ ಕಡಿ ಹೋದ್ರು ರೀ."

ಗೋವಿಂದರಾಯರು ನನ್ನ ಕಡೆ ತಿರುಗಿದರು. "ಬರಕೋ, ಮುನ್ಶಿ. ತರ್ಜುಮೆದಾರನ ಹೆಸರು ಅರ್ಜಿದಾರನಿಗೆ ಗೊತ್ತಿಲ್ಲ. ಅರ್ಜಿ ವಜಾ. ಹೆಬ್ಬಟ್ಟು ಹಾಕಿಸಕೋ."

"ನನಗ ಸಹಿ ಬರ್ತದ್ರಿ, ಕನ್ನಡದಾಗ," ಎಂದ ಸಿದ್ರಾಮಪ್ಪ.

"ಅದನ್ನ ಮ್ಯಾಲ ಓದೋರ್ಯಾರು? ಹೆಬ್ಬಟ್ಟು ಹಾಕು."

ಬರೆದೆ. ಅವನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದೆ. ಜನ್ಮವೆಲ್ಲ ಎಣ್ಣೆಯಲ್ಲಿ ನೆನೆದ ಬೆರಳು, ಮಸಿ ಹತ್ತಲಿಲ್ಲ. ಕಾಗದದ ಮೇಲೆ ಬರೀ ಜಿಡ್ಡಿನ ಕಲೆ ಬಿತ್ತು. ನನ್ನ ಕರ್ಚೀಫಿನಿಂದ ಬೆರಳನ್ನು ಉಜ್ಜಿ ಉಜ್ಜಿ ಒರೆಸಿ ಮತ್ತೆ ಒತ್ತಿದೆ. ಎರಡನೇ ಸಲಕ್ಕೆ ಮೂಡಿತು. ಅಷ್ಟು ಹೊತ್ತು ಅವನ ಕೈ ನನ್ನ ಕೈಯಲ್ಲಿತ್ತು. ಅವನು ಕೈ ಕೊಸರಿಕೊಳ್ಳಲಿಲ್ಲ, ಬೈಯಲಿಲ್ಲ. ಕಪಾಳಕ್ಕೆ ಎರಡು ಹೊಡೆದಿದ್ದರೆ ನನಗೆ ಇಷ್ಟು ವರ್ಷ ನಿದ್ದೆ ಬರುತ್ತಿತ್ತೇನೋ.

ಊರಲ್ಲಿ ಅವ್ವ ಇದ್ದಳು, ಮದುವೆಗೆ ಬಂದ ತಂಗಿಯರಿದ್ದರು, ನನ್ನ ಸಂಬಳದ ಮೇಲೇ ಮನೆ ನಡೆಯುತ್ತಿತ್ತು ಎಂದು ಇಲ್ಲಿ ಒಂದು ಪುಟ ಬರೆದಿದ್ದೆ. ಹರಿದು ಹಾಕಿದೆ. ಸಿದ್ರಾಮಪ್ಪನಿಗೂ ಮನೆ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯಲು ಹೆದರಿಕೆ. ಇವತ್ತು ಕೊಡ ಇರುವುದಿಲ್ಲ ಎಂದುಕೊಂಡೆ. ಇರದಿದ್ದರೆ ಒಳ್ಳೆಯದು, ಸರಿಹೋಯಿತು ಎಂದು ಮನಸ್ಸು ಹಗುರ ಮಾಡಿಕೊಳ್ಳಬಹುದು ಎಂದೂ ಅಂದುಕೊಂಡೆ. ಬಾಗಿಲು ತೆರೆದರೆ ನೀಲವ್ವ ಕೊಡ ಇಳಿಸುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

"ನೀಲವ್ವಾ..." ಎಂದೆ.

"ಮಾತಾಡಬ್ಯಾಡ್ರಿ," ಎಂದಳು. "ಅವ್ರು ಇಡು ಅಂದಾರ, ಇಟ್ಟೀನಿ. ನನ್ನ ಮನಸ್ಸ ಕೇಳಿದ್ರ ಈ ನೀರು ಮಣ್ಣಾಗ ಚೆಲ್ಲತಿದ್ದೆ. ನಿಮಗ ಕೊಡ್ತಿರ್ಲಿಲ್ಲ."

ಹಾಗೆಂದು ಖಾಲಿ ಸಿಂಬೆ ಕೈಯಲ್ಲಿ ಹಿಡಿದುಕೊಂಡು ಹೋದಳು. ಆ ನೀರನ್ನು ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ದಿನವೂ ಕೊಡ ಬರುತ್ತಿತ್ತು. ಒಂದು ತಿಂಗಳೊಳಗೆ ನಾನು ಕಚೇರಿಗೆ ಹತ್ತಿರವಾಗುತ್ತದೆ ಎಂದು ನೆವ ಹೇಳಿ ಬೇರೆ ಓಣಿಗೆ ಕೋಣೆ ಬದಲಿಸಿದೆ.

ಇಲೆಕ್ಷನ್ ದಿನ ದೇಶಮುಖರ ಪೆಟ್ಟಿಗೆ ತುಂಬಿ ಬಂತು. ಸಭೆ ನಡೆದಿದ್ದರೆ ಸಿದ್ರಾಮಪ್ಪ ಗೆಲ್ಲುತ್ತಿದ್ದನೇ? ಗೊತ್ತಿಲ್ಲ. ಅದು ಗೊತ್ತಾಗದಂತೆ ಮಾಡಿದ್ದೇ ನಾವು. ಮುಂದಿನ ಬೇಸಿಗೆಯಲ್ಲಿ ಕಮಿಟಿ ಒಂದು ಬಾವಿ ತೋಡಿಸಿತು, ದೇಶಮುಖರ ಕುದುರೆ ಲಾಯದ ಪಕ್ಕ. ಅದೇ ವರ್ಷ ನನ್ನ ನೌಕರಿ ಕಾಯಂ ಆಯಿತು. ಗೋವಿಂದರಾಯರು ನನ್ನ ಬೆನ್ನು ತಟ್ಟಿ, "ಇನ್ನ ನೀ ತಯಾರಾದಿ," ಎಂದರು. ಅವರು ಆ ಫಕೀರನ ವಿಷಯ ಮತ್ತೆಂದೂ ಎತ್ತಲಿಲ್ಲ. ಎತ್ತುವ ಜರೂರು ಇರಲಿಲ್ಲ. ಆಮೇಲೆ ಅವರು ಏನು ಹೇಳಿದರೂ ನಾನು ಬರೆಯುತ್ತಿದ್ದೆ.

ಕಾಲ ಬದಲಾಯಿತು. ನಿಜಾಮರ ಆಡಳಿತ ಹೋಯಿತು, ಎಲ್ಲರಿಗೂ ಮತ ಬಂತು, ಗುಡಿಯ ಮುಂದೆ ಯಾರು ಬೇಕಾದರೂ ನಿಂತು ಮಾತಾಡುವ ದಿನ ಬಂತು. ನಾನು ಮೂವತ್ತು ದಾಟಿದ ಮೇಲೆ ಸ್ಲೇಟು ಹಿಡಿದು ಕನ್ನಡ ಬರೆಯಲು ಕಲಿತೆ. ಮೊದಮೊದಲು ನನ್ನ ಕನ್ನಡ ಅಕ್ಷರ, ಆ ಶುಕ್ರವಾರ ಕೈ ಬದಲಿಸಿ ಬರೆದ ಉರ್ದುವಿನಂತೆಯೇ ಡೊಂಕಾಗಿ ಬೀಳುತ್ತಿತ್ತು. ಜೊತೆಯವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಸಿದ್ರಾಮಪ್ಪ ಸಿಕ್ಕ. ಕೂದಲು ಬೆಳ್ಳಗಾಗಿತ್ತು. ಹೆಗಲ ಮೇಲೆ ಹಿಂಡಿಯ ಚೀಲ. ನಾನು ಮರೆಯಾಗಬೇಕೆಂದುಕೊಂಡೆ. ಅವನೇ ಕೂಗಿದ.

"ಮುನ್ಶಿ ಸಾಬ್ರ! ಆರಾಮ ಇದ್ದೀರೇನ್ರಿ? ಬರ್ರಿ, ಚಹಾ ಕುಡಿಯೋಣು."

ಚಹಾ ಕುಡಿದೆವು. ಹಣ ನಾನು ಕೊಡುತ್ತೇನೆಂದರೆ ಬಿಡಲಿಲ್ಲ, ಅವನೇ ಕೊಟ್ಟ. ನೀಲವ್ವ ಆರಾಮ ಇದ್ದಾಳೆ ಎಂದ. ಬಸ್ಸು ಬರುವ ಹೊತ್ತಾಯಿತು. ಈಗ ಕೇಳದಿದ್ದರೆ ಮತ್ತೆ ಎಂದೂ ಕೇಳಲಾರೆ ಎನ್ನಿಸಿತು.

"ಸಿದ್ರಾಮಪ್ಪ, ಅವತ್ತು ನನ್ನ ಹೆಸರು ಯಾಕ ಹೇಳಲಿಲ್ಲ?"

ಅವನು ಚೀಲವನ್ನು ಹೆಗಲು ಬದಲಿಸಿದ. "ಹೇಳಿದ್ರ ನಿಮ್ ನೌಕರಿ ಹೋಗ್ತಿತ್ತಲ್ರಿ. ನನ್ ಒಂದು ಸಭಾಕ್ಕ ಒಬ್ಬರ ಅನ್ನ ತಗೀಬೇಕಾ?" ಎಂದ. ಆಮೇಲೆ, ಏನೂ ದೊಡ್ಡದಲ್ಲ ಎಂಬಂತೆ, "ಮತ್ತ ನಾ ಹೇಳೋದಲ್ಲಲ್ರಿ ಅದು. ನೀವಽ ಹೇಳ್ತೀರೇನೋ ಅಂತ ಕಾಯ್ಕೋತ ನಿಂತಿದ್ದೆ. ಅದಕ್ಕಽ ಅಷ್ಟು ಹೊತ್ತಾತು," ಎಂದ.

ಬಸ್ಸು ಬಂತು, ಹತ್ತಿ ಹೋದ. ನಾನು ನನ್ನ ಬಸ್ಸನ್ನು ಹೋಗಲು ಬಿಟ್ಟು ಅಲ್ಲೇ ಕೂತೆ. ಅಲ್ಲಿಯವರೆಗೂ ನಾನು, ಅವನು ತುಟಿ ಬಿಚ್ಚದೆ ನನ್ನನ್ನು ಉಳಿಸಿದ ಎಂದಷ್ಟೇ ತಿಳಿದಿದ್ದೆ. ಆ ನಿಂತ ಹೊತ್ತು ನನಗಾಗಿ ಬಿಟ್ಟ ಹೊತ್ತು ಎಂದು ತಿಳಿದಿರಲಿಲ್ಲ. ಒಂದು ಮಾತು, 'ನಾನೇ ರೀ' ಎಂಬ ಒಂದು ಮಾತು ಆಡಲು ಅವನು ನನಗೆ ಸಮಯ ಕೊಟ್ಟಿದ್ದ. ನಾನು ಮೇಜಿನ ಕೆಳಗೆ ಕೈ ಬಚ್ಚಿಟ್ಟುಕೊಂಡು ಕೂತಿದ್ದೆ.

ಇನ್ನೊಂದಿದೆ. ಕೆಲವು ವರ್ಷಗಳ ನಂತರ ಹಳೆಯ ಉರ್ದು ಫೈಲುಗಳನ್ನು ವಿಂಗಡಿಸಿ, ಬೇಡದ್ದನ್ನು ಸುಡಬೇಕೆಂದು ಹುಕುಂ ಬಂತು. ಉರ್ದು ಓದುವವನು ನಾನೊಬ್ಬನೇ ಉಳಿದಿದ್ದೆ, ಕೆಲಸ ನನಗೇ ಬಿತ್ತು. ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚುತ್ತ ಹೋದಾಗ ಆ ಅರ್ಜಿ ಸಿಕ್ಕಿತು. ಇದ್ದಿಲಿನ ನಕ್ಷೆ, ಎರಡು ಪುಟ ಡೊಂಕು ಉರ್ದು, ನನ್ನ ಚೆಂದದ ಅಕ್ಷರದ ಸವಾಲು, ಕೆಳಗೆ ಹೆಬ್ಬೆರಳ ಗುರುತು, ಅದರ ಪಕ್ಕದಲ್ಲಿ ಮೊದಲ ಸಲದ ಎಣ್ಣೆಯ ಕಲೆ. ಆ ಕಲೆ ಕಾಗದದ ಆಚೆ ಬದಿಗೂ ಇಳಿದಿತ್ತು. ತರ್ಜುಮೆದಾರನ ಖಾನೆ ಖಾಲಿ ಇತ್ತು.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪೆನ್ನು ತೆಗೆದು ಆ ಖಾನೆಯಲ್ಲಿ ನನ್ನ ಹೆಸರು ಬರೆದೆ. ಬರೆದ ಮೇಲೆ ಫೈಲನ್ನು ಸುಡುವ ಗಂಟಿಗೆ ಸೇರಿಸಿ, ಪಟ್ಟಿಯಲ್ಲಿ 'ನಿರುಪಯುಕ್ತ' ಎಂದು ಗುರುತು ಹಾಕಿದೆ. ಯಾರೂ ಓದುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬರೆದೆ, ನೋಡಿ. ಮೊದಲ ತಪ್ಪಿಗಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ. ಆಗ ಹೆದರಿಕೆ ಇತ್ತು ಎನ್ನಬಹುದು. ಈ ಸಲ ಯಾರ ಹೆದರಿಕೆ? ಸಿದ್ರಾಮಪ್ಪ ಬದುಕಿದ್ದ. ಆ ಕಾಗದ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಡಬಹುದಿತ್ತು. ಕೊಡಲಿಲ್ಲ. ಈಗ ಅವನೂ ಇಲ್ಲ, ನೀಲವ್ವನೂ ಇಲ್ಲ. ಓಣಿಗೆ ನೀರಿನ ನಳ ಬಂದಿದೆ.

ಶಮೀಮ್, ನಿನ್ನ ದಪ್ಪ ಪುಸ್ತಕದ ನಿಯಮಗಳು ಒಳ್ಳೆಯವೇ ಇರಬೇಕು. ನಮ್ಮವೂ ಕಾಗದದ ಮೇಲೆ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ನಾನು ಸ್ಟ್ರಿಕ್ಟ್ ಇದ್ದೆ ಎಂದು ಹೇಳಿದೆನಲ್ಲ, ಅದನ್ನು ನಂಬಬೇಡ. ಇದನ್ನು ಓದಿ ನಿನ್ನ ಜೊತೆಯವರಿಗೂ ಓದಲು ಕೊಡು. ಈ ಸಲ ಸುಡುವ ಗಂಟಿಗೆ ಹಾಕುವುದಿಲ್ಲ. ಹೆಸರುಗಳಲ್ಲಿ ಒಂದನ್ನು ಬದಲಿಸಿಲ್ಲ ಎಂದು ಮೇಲೆ ಹೇಳಿದ್ದೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಅರ್ಜಿಯಲ್ಲಿ ಕೇಳಿದ್ದ ಕ್ರಮದಲ್ಲೇ, ಸಿದ್ರಾಮಪ್ಪನಿಗೆ ಓದಲು ಬರುತ್ತಿದ್ದ ಅಕ್ಷರದಲ್ಲಿ.

ತರ್ಜುಮೆ ಮಾಡಿದವನ ಹೆಸರು: ಮಹಬೂಬಸಾಬ. ತಂದೆಯ ಹೆಸರು: ಲಾಲಸಾಬ. ಊರು: ಕರಜಗಿ.